ಪಥ್ಯ ಇರಲಿ, ಪಥ್ಯವೇ ಮದ್ದಲ್ಲ

‘ಮದುವೆಯಾದರೆ ಸರಿಹೋಗುತ್ತದೆ, ಮಗುವಾದರೆ ಗುಣವಾಗುತ್ತದೆ’ – ಮುಟ್ಟಿನ ನೋವಿನಿಂದ ಹಾಸಿಗೆ ಹಿಡಿಯುವ ಹೆಣ್ಣುಮಕ್ಕಳಿಗೆ ನಮ್ಮ ಮನೆಗಳಲ್ಲಿ ದೊರೆಯುವ ಸಾಂತ್ವನ ಬಹುಮಟ್ಟಿಗೆ ಇಷ್ಟೇ. ನೋವುಣ್ಣುವುದು ಹೆಣ್ಣಿನ ಸಹಜ ಧರ್ಮವೆಂಬ ಈ ನಂಬಿಕೆಯ ಮರೆಯಲ್ಲಿ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ಗರ್ಭಾಶಯದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕರುಳು ಮೊದಲಾದೆಡೆ ಬೆಳೆದು ಉರಿಯೂತ ಉಂಟುಮಾಡುವ ಸ್ಥಿತಿ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಸ್ತ್ರೀಯರಲ್ಲಿ ಶೇ 10ರಷ್ಟು, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿ ಇದಕ್ಕೆ ತುತ್ತಾಗಿದ್ದಾರೆ. ನೋವುನಿವಾರಕ, ಹಾರ್ಮೋನ್ ಚಿಕಿತ್ಸೆ ಹಾಗೂ ಶಸ್ತ್ರಚಿಕಿತ್ಸೆಗಳಿಂದ ಹತೋಟಿಯಲ್ಲಿಡಬಹುದೇ ಹೊರತು ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ.

ಈ ಕೊರತೆಯೇ ಪಥ್ಯದ ವ್ಯಾಪಾರಕ್ಕೆ ಬಾಗಿಲು ತೆರೆದಿದೆ. ಹಾಲು ಬಿಡಿ, ಗೋಧಿ ಬಿಡಿ, ಈ ಪುಡಿ ಕೊಳ್ಳಿ ಎಂಬ ಉಪದೇಶಗಳಿಗೆ ಬರವಿಲ್ಲ. ಆದರೆ ಪುರಾವೆ ಏನು ಹೇಳುತ್ತದೆ? ಅಮೆರಿಕದ ಸುಮಾರು 70 ಸಾವಿರ ದಾದಿಯರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಮೆಗಾ–3 ಕೊಬ್ಬನ್ನು ಅತಿ ಹೆಚ್ಚು ಸೇವಿಸುವವರಲ್ಲಿ ಈ ಕಾಯಿಲೆ ಶೇ 22ರಷ್ಟು ಕಡಿಮೆಯೂ, ಟ್ರಾನ್ಸ್ ಕೊಬ್ಬನ್ನು ಅತಿ ಹೆಚ್ಚು ಸೇವಿಸುವವರಲ್ಲಿ ಶೇ 48ರಷ್ಟು ಹೆಚ್ಚೂ ಕಂಡುಬಂದಿತು. ಆದರೆ ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠ. ನೋವು ತಗ್ಗಿಸಲು ಇಂಥದೇ ಆಹಾರ ಅಥವಾ ವ್ಯಾಯಾಮವೆಂದು ಶಿಫಾರಸು ಮಾಡುವಷ್ಟು ಆಧಾರವಿಲ್ಲವೆಂದು ಯುರೋಪಿನ ತಜ್ಞರ 2022ರ ಮಾರ್ಗಸೂಚಿ ಹೇಳಿದೆ.

ಹಾಗೆಂದು ಆಹಾರ ನಿರರ್ಥಕವಲ್ಲ. ಅತಿ ರಕ್ತಸ್ರಾವ ಇರುವವರಿಗೆ ಕಬ್ಬಿಣಾಂಶ ಅತ್ಯಗತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 57ರಷ್ಟು ಮಹಿಳೆಯರು ರಕ್ತಹೀನತೆಯುಳ್ಳವರು. ಸೊಪ್ಪು, ಕಾಳು, ರಾಗಿಯ ಜೊತೆ ನಿಂಬೆರಸ ಇರಲಿ. ಊಟದೊಡನೆ ಕಾಫಿ, ಚಹಾ ಬೇಡ. ಕರಾವಳಿಯ ಬೂತಾಯಿ, ಬಂಗುಡೆ, ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿ ಒಮೆಗಾ–3ರ ಅಗ್ಗದ ಮೂಲಗಳು. ನಡಿಗೆ, ಯೋಗ, ಸಾಕಷ್ಟು ನಿದ್ರೆಗಳಿಂದ ಕೆಲವರಿಗೆ ಉಪಶಮನ ದೊರೆಯುತ್ತದೆ. ಆದರೆ ವೈದ್ಯರನ್ನು ಕೇಳದೆ ಹಾಲು ತ್ಯಜಿಸುವುದು ವಿವೇಕವಲ್ಲ. ಈ ಕಾಯಿಲೆಗೆ ನೀಡುವ ಕೆಲವು ಹಾರ್ಮೋನ್ ಔಷಧಗಳು ಮೂಳೆಯ ಸಾಂದ್ರತೆಯನ್ನೇ ಕುಗ್ಗಿಸುತ್ತವೆ.

‘ಜೀವನಶೈಲಿಯ ಆಯ್ಕೆ’ ಎಂಬ ಮಾತನ್ನೂ ಪರಿಶೀಲಿಸಬೇಕು. ಆಯ್ಕೆಗೆ ಹಣ, ಸಮಯ, ಅಧಿಕಾರ ಮೂರೂ ಬೇಕೆಂಬುದು ಅರ್ಥಶಾಸ್ತ್ರ ಬಲ್ಲವರಿಗೆ ಹೊಸತಲ್ಲ. ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಗೃಹಿಣಿಗೆ ಆಯ್ಕೆಯಾದರೂ ಎಲ್ಲಿದೆ? ಆಕೆಗೆ ಪಥ್ಯ ಬೋಧಿಸುವ ಮುನ್ನ ಮನೆಯ ಕೆಲಸ ಹಂಚಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿದ್ದು ಸ್ವಾಗತಾರ್ಹ. ಆದರೆ ರಜೆ ರೋಗವನ್ನು ಪತ್ತೆಹಚ್ಚದು. ಶಾಲೆ, ಕಚೇರಿ ತಪ್ಪಿಸುವಷ್ಟು ನೋವು, ಮಲಮೂತ್ರ ವಿಸರ್ಜನೆಯಲ್ಲಿ ಅಥವಾ ದಾಂಪತ್ಯದಲ್ಲಿ ನೋವು ಇದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆಂದು ಅರ್ಥವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆಶಾ ಕಾರ್ಯಕರ್ತೆಯರು ಈ ಲಕ್ಷಣಗಳನ್ನು ಗುರುತಿಸುವಂತೆ ತರಬೇತಿ ನೀಡಲು ಸರ್ಕಾರಕ್ಕೆ ಭಾರಿ ವೆಚ್ಚವೇನೂ ತಗಲದು. ಮಗಳು ನೋವೆಂದಾಗ ನಂಬಲು ನಮಗಂತೂ ಖರ್ಚೇ ಇಲ್ಲ.