ದೀಕ್ಷೆಗೆ ಒಂದು ದಿನ, ಕೊಳುಕೊಡೆಗೆ ಒಂದು ತಲೆಮಾರು

ಅರಕಲಗೂಡಿನಲ್ಲಿ ನಡೆದ ಮದುವೆಯೊಂದಕ್ಕೆ ಈಚೆಗೆ ಹೋಗಿದ್ದೆನು. ಹಾಸನದ ಬಸ್ಸು ಅಲ್ಲಿಗೆ ತಲಪುವ ಹೊತ್ತಿಗೆ ಧಾರೆ ಮುಗಿದು ಎಲೆ ಹಾಕಿದ್ದರು. ಹೊಳೆನರಸೀಪುರದ ನನ್ನ ಹಳೆಯ ಸಹಪಾಠಿಯೊಬ್ಬನು ಹೆಂಡತಿ ಮಗಳೊಡನೆ ಬಂದಿದ್ದನು. ಆತನ ಹೆಂಡತಿ ಬೇರೆ ಧರ್ಮದ ಮನೆಯಲ್ಲಿ ಹುಟ್ಟಿದವಳು. ಮದುವೆಗೆ ಮುಂಚೆ ಆಕೆಯನ್ನು ಶಾಸ್ತ್ರೋಕ್ತವಾಗಿ ತಮ್ಮ ಮತಕ್ಕೆ ಸೇರಿಸಿಕೊಂಡಿದ್ದರು, ಹೆಸರನ್ನೂ ಬದಲಾಯಿಸಿದ್ದರು. ಅದಾಗಿ ಒಂಬತ್ತು ವರ್ಷ ಕಳೆದಿದೆ. ಆಕೆ ಇಡುವ ರಂಗೋಲಿಯನ್ನಾಗಲಿ, ಆಕೆ ಹೇಳುವ ಹಾಡನ್ನಾಗಲಿ ಕಂಡವರು ಕೇಳಿದವರು ಯಾರೂ ಆಕೆಯನ್ನು ಹೊರಗಿನವಳೆನ್ನಲಾರರು.

ಆದರೆ ಪಂಕ್ತಿಯಲ್ಲಿ ತಾಯಿ ಮಗಳು ಕುಳಿತ ಮೇಲೆ ಅವರ ಪಕ್ಕದ ಎರಡು ಎಲೆಗಳು ಹಾಗೆಯೇ ಉಳಿದುವು. ಬಂದವರು ನೋಡಿದರು, ಮುಗುಳ್ನಕ್ಕರು, ಮುಂದಕ್ಕೆ ಹೋಗಿ ಕುಳಿತರು. ಯಾರೂ ಒಂದು ಕೆಟ್ಟ ಮಾತನ್ನಾಡಲಿಲ್ಲ. ನಾನೂ ನನ್ನ ಪರಿಚಯದವರ ಸಾಲಿನಲ್ಲಿ ಎದುರಿಗೆ ಕುಳಿತು ಊಟ ಮಾಡಿದೆನು.

ಕೈ ತೊಳೆಯುವಾಗ ಗೆಳೆಯನು ಮೆಲ್ಲಗೆ ಹೇಳಿದನು: “ಅವಳ ಮಾತು ಬಿಡು, ಅವಳು ಗಟ್ಟಿ. ಆದರೆ ಈ ಮಗುವನ್ನು ನಾಳೆ ಯಾರು ತಂದುಕೊಳ್ಳುತ್ತಾರೆ?”

ನನ್ನಲ್ಲಿ ಉತ್ತರವಿರಲಿಲ್ಲ. ಹಾಸನಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ, ಇದೇ ಚಿಂತೆಯನ್ನು ಎದೆಯಲ್ಲಿ ಹೊತ್ತು ತಿರುಗಿರಬಹುದಾದ ಇನ್ನೊಬ್ಬ ತಂದೆಯ ನೆನಪಾಯಿತು. ಆತನು ಬದುಕಿದ್ದುದು ಸುಮಾರು ಒಂಬೈನೂರು ವರ್ಷಗಳ ಹಿಂದೆ. ನಮ್ಮ ಸಕಲೇಶಪುರದ ಘಾಟಿಯನ್ನಿಳಿದರೆ ಸಿಕ್ಕುವ ಮಂಗಳೂರಿನಲ್ಲಿ. ಆತನು ಯೆಹೂದಿ.

ಮಂಗಳೂರಿನ ಒಂದು ಪತ್ರ

ಅಬ್ರಹಾಂ ಬೆನ್ ಯೀಜು ಎಂಬ ಈ ವರ್ತಕನು ಹುಟ್ಟಿದುದು ಆಫ್ರಿಕದ ಉತ್ತರ ತೀರದಲ್ಲಿ, ಈಗಿನ ಟ್ಯುನೀಸಿಯದ ಮಹದಿಯಾ ಪಟ್ಟಣದಲ್ಲಿ. ಏಡನ್ನಿನ ಹಿರಿಯ ವರ್ತಕ ಮದ್ಮೂನನ ಆಶ್ರಯ ಪಡೆದು, ಅಲ್ಲಿಂದ ಕಡಲು ದಾಟಿ ತುಳುನಾಡಿಗೆ ಬಂದನು. ಮೆಣಸು, ಅಡಕೆ, ಕಬ್ಬಿಣಗಳನ್ನು ಹಡಗಿಗೇರಿಸಿದನು. ಕಂಚಿನ ಕೆಲಸದ ಕಾರ್ಖಾನೆಯೊಂದನ್ನು ನಡೆಸಿದನು. ಏಡನ್ನಿನ ಗೆಳೆಯರು ಆತನ ಮನೆಯ ಬಳಕೆಗೆಂದು ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಇವುಗಳನ್ನು ಕಳುಹಿಸುತ್ತಿದ್ದರು.

ಇಷ್ಟು ವಿವರ ನಮಗೆ ಹೇಗೆ ಗೊತ್ತಾಯಿತೆಂದು ವಾಚಕರು ಕೇಳಬಹುದು. ದೇವರ ಹೆಸರನ್ನು ಬರೆದ ಹಾಳೆಯನ್ನು ಯೆಹೂದಿಗಳು ಬಿಸುಡುವುದಿಲ್ಲ. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಇಂಥ ಹಾಳೆಗಳನ್ನು ಹಾಕುವುದಕ್ಕೆಂದೇ ಒಂದು ಕೋಣೆಯಿದ್ದಿತು. ದೇವರ ಮಾತಿನ ಜೊತೆಗೆ ಅಂಗಡಿಯ ಲೆಕ್ಕ, ಮನೆಯ ಕಾಗದ, ನ್ಯಾಯದ ತೀರ್ಪು ಎಲ್ಲವೂ ಶತಮಾನಗಳ ಕಾಲ ಅಲ್ಲಿ ಬಿದ್ದಿದ್ದುವು. ೧೮೯೬-೯೭ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ಪಂಡಿತರು ಅದರ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಆ ರಾಶಿಯಲ್ಲಿ ಭಾರತದ ವ್ಯಾಪಾರಕ್ಕೆ ಸೇರಿದ ಕಾಗದಗಳನ್ನು ಆರಿಸಿ ಓದಿದವರು ಗೊಯ್ಟೈನ್ ಮತ್ತು ಅವರ ಶಿಷ್ಯರಾದ ಫ್ರೀಡ್ಮನ್. ಆ ಬೆಳಕಿನಲ್ಲಿಯೇ ನಮ್ಮ ಅಮಿತಾವ್ ಘೋಷ್ ಅವರು ೧೯೯೨ರಲ್ಲಿ ಬೆನ್ ಯೀಜುವಿನ ಕಥೆಯನ್ನು ಪುಸ್ತಕವಾಗಿ ಬರೆದರು.

ಈ ಕಾಗದಗಳಲ್ಲಿ ಒಂದಕ್ಕೆ ೧೧೩೨ನೆಯ ಅಕ್ಟೋಬರ್ ೧೭ರ ತಾರೀಖಿದೆ, ಮಂಗಳೂರಿನಲ್ಲಿ ಬರೆದದ್ದು. ಬೆನ್ ಯೀಜು ತಾನು ಕೊಂಡಿದ್ದ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವದು. ಬಿಡುಗಡೆಯೊಡನೆ ಆಕೆಗೆ ಬೆರಾಖಾ ಎಂಬ ಹೆಸರು ಬಂದಿತು. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ಆಶೀರ್ವಾದ. ಆತನ ಮಕ್ಕಳ ತಾಯಿ ಈಕೆಯೇ ಎಂಬುದು ವಿದ್ವಾಂಸರ ನಿರ್ಣಯ. ಬೆನ್ ಯೀಜುವಿನ ಲೆಕ್ಕದ ಚೀಟಿಯೊಂದರಲ್ಲಿ ನಾಯರ್ ಎಂಬ ಭಾವಮೈದುನನಿಗೆ ಸಲ್ಲಬೇಕಾದ ಹಣದ ಮಾತಿದೆ. ಹಾಗಾದರೆ ಹೆಸರು ಬದಲಾದ ಮೇಲೂ ತವರಿನ ನಂಟು ಕಡಿದಿರಲಿಲ್ಲವೆಂದಾಯಿತು.

ಬಾಗಿಲು ಚಿಕ್ಕದು, ಒಳಮನೆ ದೊಡ್ಡದು

ಬಿಡುಗಡೆ ಪತ್ರಕ್ಕೂ ಮತಾಂತರಕ್ಕೂ ಏನು ಸಂಬಂಧ? ಯೆಹೂದಿ ಧರ್ಮಶಾಸ್ತ್ರದಲ್ಲಿ ಸಂಬಂಧವುಂಟು. ಯೆಹೂದಿಯ ಮನೆಯ ದಾಸಿ ವಿಧಿಯಂತೆ ನೀರಿನಲ್ಲಿ ಮುಳುಗಿ ಎದ್ದು, ಸ್ವಾತಂತ್ರ್ಯದ ಪತ್ರವನ್ನು ಕೈಯಲ್ಲಿ ಹಿಡಿದಳೆಂದರೆ, ಆ ಕ್ಷಣದಿಂದ ಆಕೆ ಇಸ್ರೇಲರ ಸಮುದಾಯಕ್ಕೆ ಸೇರಿದವಳು. ಯೆಹೂದಿಯನ್ನು ಮದುವೆಯಾಗಲು ಆಕೆಗೆ ಅಡ್ಡಿಯಿಲ್ಲ.

ದಾಸ್ಯವು ಅಳಿದಿದೆ, ಆದರೆ ಮತಾಂತರದ ವಿಧಿ ಅಳಿದಿಲ್ಲ. ಯೆಹೂದಿಗಳು ಅನ್ಯರನ್ನು ತಮ್ಮ ಮತಕ್ಕೆ ಕರೆಯುವುದಿಲ್ಲ. ಬಂದವರನ್ನು ಕೂಡ ಮೊದಲು ಹಿಂದಕ್ಕೆ ಕಳುಹಿಸಲು ನೋಡುವುದು ಅವರ ಗುರುಗಳ ಪದ್ಧತಿ. ಈ ಭಾರ ನಿನಗೇಕೆ, ನಿನ್ನ ಮತದಲ್ಲಿಯೇ ಒಳ್ಳೆಯವನಾಗಿ ಬಾಳಬಾರದೆ ಎಂದು ಕೇಳುತ್ತಾರೆ. ಅಷ್ಟಕ್ಕೂ ಹಟ ಬಿಡದವನು ತಿಂಗಳುಗಟ್ಟಲೆ, ಎಷ್ಟೋ ವೇಳೆ ವರ್ಷಗಟ್ಟಲೆ ಓದಬೇಕು. ಆಹಾರದ ನಿಯಮ, ಶನಿವಾರದ ವಿಶ್ರಾಂತಿ, ಹಬ್ಬಗಳ ಆಚರಣೆ ಇವನ್ನು ರೂಢಿಸಿಕೊಳ್ಳಬೇಕು. ಕೊನೆಗೆ ಮೂವರು ಕುಳಿತ ಧರ್ಮಸಭೆ ಆತನನ್ನು ಪರೀಕ್ಷಿಸುತ್ತದೆ. ಗಂಡಸಿಗೆ ಸುನ್ನತಿಯಾಗಬೇಕು. ಗಂಡಾಗಲಿ ಹೆಣ್ಣಾಗಲಿ ಮಿಕ್ವೆ ಎಂಬ ಪವಿತ್ರಕುಂಡದಲ್ಲಿ ಪೂರ್ತಿ ಮುಳುಗಿ ಏಳಬೇಕು. ಎದ್ದವರು ಆದಿಪುರುಷ ಅಬ್ರಹಾಮನ ಮಕ್ಕಳೆನಿಸುತ್ತಾರೆ.

ಒಮ್ಮೆ ಒಳಗೆ ಬಂದವನನ್ನು ಶಾಸ್ತ್ರವು ತಾಯಿಯಂತೆ ಕಾಯುತ್ತದೆ. ನೀನು ಹಿಂದೆ ಏನಾಗಿದ್ದೆ ಬಲ್ಲೆಯಾ ಎಂದು ಆತನನ್ನು ಹಂಗಿಸುವುದು ಪಾಪ. ಮುಂದೆ ಫುಸ್ತಾತಿನಲ್ಲಿ ನೆಲೆಸಿದ ಮಹಾಪಂಡಿತ ಮೈಮೊನಿಡೀಸನಿಗೆ, ಓಬದ್ಯನೆಂಬ ಮತಾಂತರಿ ಬರೆದು ಕೇಳಿದನಂತೆ: ಪ್ರಾರ್ಥನೆಯಲ್ಲಿ ನಮ್ಮ ಪಿತೃಗಳ ದೇವರೆ ಎಂದು ನಾನು ಹೇಳಬಹುದೆ? ನನ್ನ ಪಿತೃಗಳು ಯೆಹೂದಿಗಳಲ್ಲವಲ್ಲ! ಧಾರಾಳವಾಗಿ ಹೇಳು, ಅಬ್ರಹಾಮನು ನಿನಗೂ ತಂದೆಯೆ ಎಂದು ಆ ಪಂಡಿತನು ತೀರ್ಪಿತ್ತನು. ಯೆಹೂದಿಗಳ ಪುರಾಣಪ್ರಸಿದ್ಧ ರಾಜ ದಾವೀದನ ಮುತ್ತಜ್ಜಿ ರೂತಳು ಕೂಡ ಹೊರಗಿನಿಂದ ಬಂದ ಮೋವಾಬ್ ದೇಶದ ಹೆಣ್ಣು. ಆದರೆ ರೂತಳು ಒಳಗಿನವಳಾದುದು ಯಾವಾಗ? ನಾನು ನಿಮ್ಮವಳೆಂದು ಆಕೆ ಹೇಳಿದ ದಿನವಲ್ಲ. ಬೋವಜನೆಂಬ ಮನೆತನಸ್ಥನು ಊರ ಹಿರಿಯರ ಮುಂದೆ ಆಕೆಯ ಕೈ ಹಿಡಿದ ದಿನ.

ಮಗಳ ಮದುವೆ

ಬೆನ್ ಯೀಜು ೧೧೪೯ರಲ್ಲಿ ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹಿಂದಿರುಗಿದನು. ಕಡಲು ದಾಟಿ ಇಳಿದೊಡನೆ ಆತನು ತನ್ನ ಸಹೋದರನಿಗೆ ಬರೆದ ಕಾಗದ ಉಳಿದಿದೆ. ಗಳಿಸಿದ ಹೊನ್ನಿನೊಡನೆ ಬಂದಿದ್ದೇನೆ, ನಿಮ್ಮಲ್ಲೊಬ್ಬರು ಬನ್ನಿ, ನನ್ನ ಮಗಳನ್ನು ನಿಮ್ಮ ಮಗನಿಗೆ ಕೊಡುತ್ತೇನೆ ಎಂಬುದು ಅದರ ಸಾರ. ಆ ಕಾಗದದಲ್ಲಿ ಮಕ್ಕಳ ತಾಯಿಯ ಮಾತಿಲ್ಲ.

ಮುಂದೆ ಮಗನು ಏಡನ್ನಿನಲ್ಲಿ ತೀರಿಕೊಂಡನು, ಉಳಿದವಳು ಮಗಳೊಬ್ಬಳೆ. ಆಕೆಯ ಹೆಸರು ಸಿತ್ ಅಲ್-ದಾರ್, ಎಂದರೆ ಮನೆಯೊಡತಿ. ಏಡನ್ನಿನ ಗಣ್ಯ ವರ್ತಕನೊಬ್ಬನು ಆಕೆಯನ್ನು ತನ್ನ ಮಗನಿಗೆ ಕೇಳಿದನು. ಮೂರು ವರ್ಷ ಆಕೆ ಆ ಮನೆಯಲ್ಲಿಯೇ ಇದ್ದಳು. ಆದರೂ ತನ್ನ ಸಹೋದರನ ಮಗ ಸುರೂರನು ಸಿಸಿಲಿ ದ್ವೀಪದಲ್ಲಿ ವಿದ್ಯಾವಂತನಾಗಿ ಬೆಳೆದಿದ್ದಾನೆಂದು ತಿಳಿದೊಡನೆ ತಂದೆ ಆ ಸಂಬಂಧವನ್ನು ಬಿಟ್ಟುಕೊಟ್ಟನು. ೧೧೫೬ರಲ್ಲಿ ಫುಸ್ತಾತಿನಲ್ಲಿ ಸಿತ್ ಅಲ್-ದಾರಳಿಗೂ ಸುರೂರನಿಗೂ ಮದುವೆಯಾಯಿತು.

ತಂದೆಯ ಈ ಹಟಕ್ಕೆ ಆಸ್ತಿ ಮನೆಯಲ್ಲಿಯೇ ಉಳಿಯಲೆಂಬುದು ಒಂದು ಕಾರಣವಿರಬಹುದು. ರಕ್ತದ ಸೆಳೆತವಂತೂ ಇದ್ದೇ ಇದ್ದಿತು. ಆದರೆ ನಾನು ಆ ಕಥೆಯನ್ನು ಓದುವಾಗಲೆಲ್ಲ ಇನ್ನೊಂದನ್ನು ಊಹಿಸುತ್ತೇನೆ. ಮಂಗಳೂರಿನ ಪತ್ರವು ತಾಯಿಯನ್ನು ಶಾಸ್ತ್ರದ ಕಣ್ಣಿನಲ್ಲಿ ಯೆಹೂದಿಯನ್ನಾಗಿ ಮಾಡಿತ್ತು. ಜನರ ಕಣ್ಣಿನಲ್ಲಿ ಮಗಳನ್ನು ಹಾಗೆ ಮಾಡಬೇಕಾದರೆ ಸ್ವಂತ ಮನೆತನವೇ ಆಕೆಯನ್ನು ಸೊಸೆಯಾಗಿ ತಂದುಕೊಳ್ಳಬೇಕಾಗಿತ್ತು. ಆ ಮೇಲೆ ಕೇಳುವ ಬಾಯಿ ಯಾವುದಿದ್ದಿತು?

ಘಾಟಿಯ ಮೇಲಿನ ಮಾತು

ಅಶು ಬೆರಾಖಾ ಆದ ಆ ದಿನಗಳಲ್ಲಿ ಘಾಟಿಯ ಮೇಲೆ ನಮ್ಮ ಹೊಯ್ಸಳರ ನಾಡಿನಲ್ಲಿಯೂ ಮತಾಂತರದ ಮಾತೇ ಮಾತು. ಜೈನನಾಗಿದ್ದ ಬಿಟ್ಟಿದೇವನು ರಾಮಾನುಜರ ಪ್ರಭಾವದಿಂದ ವಿಷ್ಣುವರ್ಧನನಾದನೆಂದು ಪರಂಪರೆ ಹೇಳುತ್ತದೆ. ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ರಾಣಿ ಶಾಂತಲೆ ೧೧೨೩ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಜಿನಭಕ್ತೆಯಾಗಿಯೇ ಬಾಳಿದಳು. ಅರಸನ ಮತಾಂತರಕ್ಕೆ ಪಂಕ್ತಿಯ ಪ್ರಶ್ನೆ ಏಳುವುದಿಲ್ಲ. ಆತನು ಕುಳಿತಲ್ಲಿಯೇ ಪಂಕ್ತಿ. ಜನಸಾಮಾನ್ಯರ ಪಾಡು ಬೇರೆ. ಎರಡೂ ಮತದವರು ಒಬ್ಬರೊಬ್ಬರನ್ನು ತಮ್ಮವರೆಂದು ಎಣಿಸುವಂತೆ ೧೩೬೮ರಲ್ಲಿ ಬುಕ್ಕರಾಯನೇ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಬೇಕಾಯಿತು. ಆ ಶಾಸನವು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇಂದಿಗೂ ನಿಂತಿದೆ.

ಸಿತ್ ಅಲ್-ದಾರಳ ಮದುವೆಯಾದ ಸ್ವಲ್ಪ ಕಾಲಕ್ಕೆ ಕಲ್ಯಾಣದಲ್ಲಿ ಏನಾಯಿತೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಹರಳಯ್ಯನೂ ಮಧುವರಸನೂ ಲಿಂಗದೀಕ್ಷೆ ಪಡೆದು ಒಂದೆಡೆ ಕುಳಿತಾಗ ರಾಜ್ಯವು ಸಹಿಸಿಕೊಂಡಿತು. ಇವರ ಮಗನಿಗೆ ಅವರ ಮಗಳನ್ನು ಕೊಟ್ಟಾಗ ನೆತ್ತರು ಹರಿಯಿತು. ದೀಕ್ಷೆಯನ್ನು ಜಗತ್ತು ಕ್ಷಮಿಸುತ್ತದೆ, ಕೊಳುಕೊಡೆಯನ್ನು ಕ್ಷಮಿಸುವುದಿಲ್ಲ.

ಕೊಚ್ಚಿಯ ಮೆಟ್ಟಿಲು

ಯೆಹೂದಿಗಳಲ್ಲಿಯೂ ಶಾಸ್ತ್ರದ ಮಾತು ಎಲ್ಲ ಕಾಲಕ್ಕೂ ನಡೆಯಲಿಲ್ಲ. ನೆರೆಯ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ೧೫೬೮ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಮಂದಿರವಿದೆ. ಅಲ್ಲಿನ ಶ್ರೀಮಂತ ಯೆಹೂದಿಗಳಿಂದ ಬಿಡುಗಡೆ ಹೊಂದಿದ ದಾಸರ ಸಂತತಿಯವರು ತಲೆತಲಾಂತರದಿಂದ ಅದೇ ಧರ್ಮವನ್ನು ನಡೆಸುತ್ತಿದ್ದರೂ, ಅವರಿಗೆ ಒಳಗೆ ಸಮಾನವಾದ ಆಸನವಿರಲಿಲ್ಲ. ಹೊರಕೋಣೆಯ ನೆಲ, ಮೆಟ್ಟಿಲು ಅವರ ಪಾಲು. ಹೆಣ್ಣು ಕೊಡುವ ತರುವ ಮಾತಂತೂ ಇಲ್ಲ. ಆ ಕುಲದಲ್ಲಿ ಹುಟ್ಟಿದ ವಕೀಲ ಎ. ಬಿ. ಸಲೇಮ್ ಅವರು ಗಾಂಧೀಜಿಯ ದಾರಿ ಹಿಡಿದು, ಯಾರ ಮೇಲೂ ಕೈಯೆತ್ತದೆ ಹೋರಾಡಿ, ಒಂದೊಂದಾಗಿ ಹಕ್ಕುಗಳನ್ನು ಪಡೆದರು. ಜನರು ಅವರನ್ನು ಯೆಹೂದಿ ಗಾಂಧಿ ಎಂದು ಕರೆದರು. ಆಸನ ದೊರೆತ ಮೇಲೂ ಮದುವೆಯ ಗೋಡೆ ಉಳಿದಿದ್ದಿತು. ೧೯೫೦ರಲ್ಲಿ ಅವರ ಮಗನು ಪರದೇಶಿ ಮನೆತನದ ಕನ್ಯೆಯ ಕೈಹಿಡಿದಾಗ ಆ ಮದುವೆ ನಡೆದುದು ಕೊಚ್ಚಿಯಲ್ಲಲ್ಲ, ಮುಂಬಯಿಯಲ್ಲಿ.

ಇಸ್ರೇಲ್ ರಾಷ್ಟ್ರ ಹುಟ್ಟಿದ ಮೇಲೆ ಅಲ್ಲಿಗೆ ಹೋದ ಮಹಾರಾಷ್ಟ್ರದ ಬೆನೆ ಇಸ್ರೇಲರಿಗೂ ಇದೇ ಮುಳ್ಳು ಚುಚ್ಚಿತು. ಅವರು ಮದುವೆಯಾಗಬೇಕಾದರೆ ವಂಶವನ್ನು ವಿಚಾರಿಸಬೇಕೆಂದು ೧೯೬೨ರಲ್ಲಿ ಅಲ್ಲಿನ ಪ್ರಧಾನ ಧರ್ಮಗುರುಗಳಿಂದ ಸೂಚನೆ ಹೊರಟಿತು. ಅವರು ಬೀದಿಗಿಳಿದು ಸತ್ಯಾಗ್ರಹ ಮಾಡಿದ ಮೇಲೆ ೧೯೬೪ರಲ್ಲಿ ಆ ಭೇದ ನೀಗಿತು. ಮಣಿಪುರ ಮಿಜೋರಾಂಗಳ ಬ್ನೇ ಮೆನಾಷೆ ಜನರನ್ನು ೨೦೦೫ರಲ್ಲಿ ಇಸ್ರೇಲಿನ ಪ್ರಧಾನ ಗುರುಗಳು ಪ್ರಾಚೀನ ಇಸ್ರೇಲರ ಸಂತತಿಯೆಂದು ಒಪ್ಪಿದರು; ಆದರೂ ವಿಧಿಪೂರ್ವಕವಾಗಿ ಮತಾಂತರ ಹೊಂದಿಯೇ ಒಳಗೆ ಬರಬೇಕೆಂದರು. ನೋಡಿ, ಎಲ್ಲಿಯೂ ತಡೆ ಬಂದುದು ದೇವರ ಮನೆಯ ಹೊಸ್ತಿಲಿನಲ್ಲಲ್ಲ. ಮದುವೆಯ ಚಪ್ಪರದಲ್ಲಿ, ಇಲ್ಲವೆ ಕುಳಿತುಕೊಳ್ಳುವ ಸಾಲಿನಲ್ಲಿ.

ಮತ್ತೆ ಅರಕಲಗೂಡು

ಧರ್ಮಸಭೆಯ ಮೂವರು ಒಂದು ಹಗಲಿನಲ್ಲಿ ಒಬ್ಬನನ್ನು ಒಳಗೆ ಕರೆದುಕೊಳ್ಳಬಲ್ಲರು. ನೆರೆಹೊರೆಯವರಿಗೆ ಅದಕ್ಕೆ ಒಂದು ತಲೆಮಾರು ಬೇಕು. ಆ ಒಂದು ತಲೆಮಾರಿನ ಭಾರವನ್ನು ಹೊರುವುದು ಯಾರು? ತಾಯಿಯಲ್ಲ, ಗುರುವಲ್ಲ, ಎಲೆಯ ಮುಂದೆ ಒಬ್ಬಳೇ ಕುಳಿತ ಏಳು ವರ್ಷದ ಮಗು. ಆ ಮಗುವಿನ ಪರವಾಗಿ ಮಂಗಳೂರಿನ ವರ್ತಕನು ಕಡಲಾಚೆಗೆ ಕಾಗದ ಬರೆದನು, ಗಣ್ಯರ ಸಂಬಂಧವನ್ನು ಬಿಟ್ಟನು, ಏಳು ವರ್ಷ ಕಾದನು. ಅವನ ಸಹೋದರನು ಇದ್ದ ಸಿಸಿಲಿಯಿಂದ ಮಗನನ್ನು ಕಳುಹಿಸಿಕೊಟ್ಟನು. ಶಾಸ್ತ್ರವನ್ನು ನಿಜಮಾಡಿದವರು ಈ ಇಬ್ಬರು ಗೃಹಸ್ಥರು.

ನಮ್ಮಲ್ಲಿ ಅಷ್ಟು ದೂರದಿಂದ ಯಾರೂ ಬರಬೇಕಾಗಿಲ್ಲ. ಆ ಮದುವೆಯ ಮನೆಯಲ್ಲಿ ನನಗೂ ಆ ಬರಿಯ ಎಲೆಗೂ ನಡುವೆ ಇದ್ದುದು ನಾಲ್ಕು ಹೆಜ್ಜೆ. ಉಣ್ಣಲು ಕುಳಿತ ಮೇಲೆ ಪಂಕ್ತಿಯಿಂದ ಏಳಬಾರದೆಂಬ ಸಂಪ್ರದಾಯ ನನಗೆ ಒಳ್ಳೆಯ ನೆಪವಾಯಿತು. ಆದರೆ ಕುಳಿತುಕೊಳ್ಳುವುದಕ್ಕೆ ಮುಂಚೆಯೇ ನಾನು ಅದನ್ನು ಕಂಡಿದ್ದೆನಲ್ಲವೆ?

ಮುಂದಿನ ತಿಂಗಳು ಹೊಳೆನರಸೀಪುರದಲ್ಲಿ ಗೆಳೆಯನ ಮನೆಯ ಹೊಸಿಲು ಪೂಜೆ. ಮನೆಯವರೊಡನೆ ಬರುವೆನೆಂದು ಕಾಗದ ಹಾಕಿದ್ದೇನೆ. ಆ ಹುಡುಗಿಯ ಪಕ್ಕದ ಎಲೆಯನ್ನು ನನ್ನ ಮಗನಿಗೆ ಇರಿಸಬೇಕೆಂದೂ ಬರೆದಿದ್ದೇನೆ.