ಸಿಹಿ ಮರೆತ ನಾಲಿಗೆ

ಮೆಕ್ಸಿಕೋದಿಂದ ಅರ್ಜೆಂಟೀನಾದ ಉತ್ತರ ಭಾಗದವರೆಗೆ ದನ ಸಾಕುವವರಿಗೆಲ್ಲ ಒಂದು ಬಾವಲಿಯ ಕಾಟ ಗೊತ್ತು. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಪ್ರಾಣಿ ಅದು. ಮಲಗಿದ ಹಸುವಿನ ಪಕ್ಕ ಸದ್ದಿಲ್ಲದೆ ನೆಲಕ್ಕಿಳಿದು, ಮಡಿಸಿದ ರೆಕ್ಕೆಗಳನ್ನೇ ಮುಂಗಾಲು ಮಾಡಿಕೊಂಡು ನಡೆದು ಬರುತ್ತದೆ. ಅದರ ಮೂಗಿನ ಸುತ್ತಲಿನ ಪುಟ್ಟ ಕುಳಿಗಳಿಗೆ ಶಾಖ ತಿಳಿಯುತ್ತದೆ; ಬಿಸಿರಕ್ತ ಚರ್ಮಕ್ಕೆ ತೀರ ಹತ್ತಿರ ಹರಿಯುವ ಜಾಗವನ್ನು ಹೀಗೆ ಪತ್ತೆ ಮಾಡುತ್ತದೆ. ಬ್ಲೇಡಿನಂಥ ಬಾಚಿಹಲ್ಲಿನಿಂದ ಚಿಕ್ಕದೊಂದು ಗಾಯ ಮಾಡಿ, ಒಸರುವ ರಕ್ತವನ್ನು ನೆಕ್ಕುತ್ತದೆ. ಜೊಲ್ಲಿನಲ್ಲಿರುವ ರಾಸಾಯನಿಕ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಸುವಿಗೆ ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ.

ಇಷ್ಟೆಲ್ಲ ಸೂಕ್ಷ್ಮಗಳಿರುವ ಈ ರಕ್ತಾಹಾರಿ ಬಾವಲಿಗೆ ಸಿಹಿ ಎಂದರೇನೆಂದು ತಿಳಿಯದು.

ಸ್ತನಿಗಳ ನಾಲಿಗೆಯಲ್ಲಿ ಸಿಹಿಯನ್ನು ಹಿಡಿಯುವ ಗ್ರಾಹಕ ಎರಡು ಪ್ರೋಟೀನುಗಳ ಜೋಡಿ. ಅದರಲ್ಲಿ ಒಂದನ್ನು ತಯಾರಿಸುವ ವಂಶವಾಹಿಯ ಹೆಸರು ಟಾಸ್1ಆರ್2. ಹುವಾಬಿನ್ ಝಾವೊ ಮತ್ತು ಸಂಗಡಿಗರು 2010ರಲ್ಲಿ 42 ಬಗೆಯ ಬಾವಲಿಗಳಲ್ಲಿ ಈ ವಂಶವಾಹಿಯನ್ನು ಓದಿ ನೋಡಿದರು. ಜಗತ್ತಿನಲ್ಲಿ ರಕ್ತ ಕುಡಿದೇ ಬದುಕುವ ಬಾವಲಿಗಳು ಮೂರೇ ಪ್ರಭೇದ. ಮೂರರಲ್ಲೂ ಅದು ಕೆಟ್ಟುಹೋಗಿತ್ತು. ವಂಶವಾಹಿ ಪೂರ್ತಿ ಅಳಿಸಿಹೋಗಿರಲಿಲ್ಲ. ಅಕ್ಷರಗಳು ಅಲ್ಲಲ್ಲಿ ತಪ್ಪಿ, ಓದುತ್ತ ಹೋದರೆ ಪ್ರೋಟೀನು ಅರ್ಧಕ್ಕೇ ನಿಲ್ಲುವಂತಾಗಿತ್ತು. ಇಂಥದ್ದನ್ನು ಹುಸಿ ವಂಶವಾಹಿ ಎನ್ನುತ್ತಾರೆ. ಕಲ್ಲಿನಲ್ಲಿ ಸಿಗುವ ಪಳೆಯುಳಿಕೆಗಿಂತ ಇದು ನನಗೆ ಹೆಚ್ಚು ಬೆರಗಿನದು: ಈ ಬಾವಲಿಯ ಪೂರ್ವಜರಿಗೆ ಸಿಹಿ ತಿಳಿಯುತ್ತಿತ್ತು ಎಂಬ ದಾಖಲೆ ಜೀವಂತ ಪ್ರಾಣಿಯ ಒಂದೊಂದು ಜೀವಕೋಶದಲ್ಲೂ ಕೂತಿದೆ.

ಕೆಟ್ಟಿದ್ದು ಹೇಗೆ? ಬಳಸದ ಅಂಗ ತಾನಾಗಿ ಸೊರಗುತ್ತದೆ ಎಂಬ ಹಳೆಯ ವಿವರಣೆ ಇಲ್ಲಿ ಸಲ್ಲದು. ಡಿಎನ್‌ಎ ನಕಲಾಗುವಾಗ ತಪ್ಪುಗಳು ಆಗುತ್ತಲೇ ಇರುತ್ತವೆ. ಹಣ್ಣು ತಿನ್ನುವ ಬಾವಲಿಯಲ್ಲಿ ಸಿಹಿಯ ವಂಶವಾಹಿ ಕೆಟ್ಟರೆ ಅದು ಮಾಗಿದ್ದು ಯಾವುದು, ಕಾಯಿ ಯಾವುದು ಎಂದು ತಿಳಿಯದೆ ಸೊರಗೀತು. ಅದರ ಸಂತತಿ ಕಡಿಮೆಯಾಗಿ ತಪ್ಪೂ ಅಳಿದುಹೋಗುತ್ತದೆ. ರಕ್ತದ ಕಥೆ ಬೇರೆ. ನೀರು ಬಿಟ್ಟು ಉಳಿದ ಅಂಶದಲ್ಲಿ ಶೇ. 90ಕ್ಕೂ ಹೆಚ್ಚು ಪ್ರೋಟೀನು, ಸಕ್ಕರೆ ಎಲ್ಲೋ ಶೇ. 1ರಷ್ಟು. ಸಿಹಿ ತಿಳಿದರೂ ತಿಳಿಯದಿದ್ದರೂ ಬಾವಲಿಯ ಊಟಕ್ಕೆ ವ್ಯತ್ಯಾಸವಿಲ್ಲ. ಊರಿಗೆ ನಲ್ಲಿ ಬಂದ ಮೇಲೆ ಬಾವಿಯ ಹಾದಿಯಲ್ಲಿ ಹುಲ್ಲು ಬೆಳೆಯುವಂತೆ ತಪ್ಪುಗಳು ಉಳಿದುಕೊಂಡವು, ಕೂಡುತ್ತ ಹೋದವು.

ಕಹಿಯದೂ ಬಹುಮಟ್ಟಿಗೆ ಇದೇ ಹಾದಿ. ಕಹಿ ಇರುವುದು ವಿಷದ ಎಚ್ಚರಿಕೆಗೆ; ಎಲೆ, ಕಾಯಿ, ಕೀಟಗಳಲ್ಲಿ ವಿಷವಿರುತ್ತದೆ, ಓಡಾಡುವ ಹಸುವಿನ ರಕ್ತದಲ್ಲಿ ಅದರ ಭಯ ಕಡಿಮೆ. ರಕ್ತಾಹಾರಿಗಳಲ್ಲಿ ಕಹಿಯ ವಂಶವಾಹಿಗಳು ಹಲವು ಕೆಟ್ಟಿವೆ, ಆದರೆ ಕೆಲವು ಉಳಿದಿವೆ. ವಂಶವಾಹಿಗಳನ್ನು ಓದುವ ಮೊದಲೇ, 2003ರಲ್ಲಿ, ಕೆನಡಾದ ಸಂಶೋಧಕರು ಇದರ ಸುಳಿವು ಕೊಡುವ ಒಂದು ಪ್ರಯೋಗ ಮಾಡಿದ್ದರು. ಆಹಾರಕ್ಕೆ ಅಪರಿಚಿತ ರುಚಿ ಬೆರೆಸಿ, ತಿಂದ ಮೇಲೆ ಹೊಟ್ಟೆ ತೊಳಸುವಂತೆ ಲಿಥಿಯಂ ಕ್ಲೋರೈಡ್ ಕೊಟ್ಟರು. ಕೀಟ ತಿನ್ನುವ, ಹಣ್ಣು ತಿನ್ನುವ ಬಾವಲಿಗಳು ಆ ರುಚಿಯನ್ನು ಮತ್ತೆ ಹತ್ತಿರ ಸೇರಿಸಲಿಲ್ಲ. ನಾವೂ ಅಷ್ಟೇ, ಒಮ್ಮೆ ವಾಂತಿಯಾದರೆ ಆ ತಿಂಡಿಯ ಕಡೆ ತಿರುಗಿ ನೋಡುವುದಿಲ್ಲ. ರಕ್ತಾಹಾರಿ ಬಾವಲಿಗಳು ಮಾತ್ರ ಅದೇ ರುಚಿಯ ರಕ್ತವನ್ನು ಮತ್ತೆ ಕುಡಿದವು. ಬೇರೆ ಆಹಾರವೇ ಇಲ್ಲದ ಪ್ರಾಣಿ ಯಾವುದನ್ನು ಬಿಡಬೇಕೆಂದು ಕಲಿತು ಮಾಡುವುದೇನು?

ಇಲ್ಲಿಯವರೆಗೆ ಆಹಾರವೊಂದೇ ಎಲ್ಲವನ್ನೂ ವಿವರಿಸುವಂತೆ ಕಾಣುತ್ತದೆ. ಆದರೆ ಮಾಂಸ, ಸಾರುಗಳ ಹದವನ್ನು ತಿಳಿಸುವ ಉಮಾಮಿ ರುಚಿಗೆ ಬಂದರೆ ಈ ವಿವರಣೆ ಕೈಕೊಡುತ್ತದೆ. ಝಾವೊ ತಂಡವೇ 2012ರಲ್ಲಿ ಪರೀಕ್ಷಿಸಿದ 31 ಪ್ರಭೇದಗಳಲ್ಲಿ ಒಂದರಲ್ಲೂ ಉಮಾಮಿಯ ವಂಶವಾಹಿ ಸರಿಯಾಗಿ ಸಿಗಲಿಲ್ಲ. ಹಣ್ಣು ತಿನ್ನುವುದಿರಲಿ, ಹುಳು ತಿನ್ನುವುದಿರಲಿ, ಪ್ರೋಟೀನನ್ನೇ ಕುಡಿಯುವ ರಕ್ತಾಹಾರಿಯಿರಲಿ, ಎಲ್ಲದರದೂ ಒಂದೇ ಪಾಡು. ಇನ್ನೊಂದು ತೊಡಕು 2021ರಲ್ಲಿ ಹೊರಬಿತ್ತು: ಕೀಟಾಹಾರಿ ಬಾವಲಿಗಳಲ್ಲಿ ಸಿಹಿಯ ವಂಶವಾಹಿ ನೋಡಲು ನೆಟ್ಟಗಿದೆ, ಆದರೆ ಗ್ರಾಹಕ ಸಕ್ಕರೆಗೆ ಸ್ಪಂದಿಸುವುದಿಲ್ಲ, ಸಕ್ಕರೆ ನೀರಿಟ್ಟರೂ ಅವುಗಳಿಗೆ ಒಲವಿಲ್ಲ. ವಂಶವಾಹಿ ಇದ್ದ ಮಾತ್ರಕ್ಕೆ ಇಂದ್ರಿಯ ಇದೆ ಎನ್ನುವಂತಿಲ್ಲ.

ನಾಲಿಗೆಯಿಂದ ಮೂಗಿಗೆ ಬಂದರೆ ಕಥೆ ಇನ್ನೂ ಸೊಗಸು. ಬಹಳಷ್ಟು ಸ್ತನಿಗಳ ಮೂಗಿನ ತಳದಲ್ಲಿ ಜೇಕಬ್‌ಸನ್ ಅಂಗ ಎಂಬ ಎರಡನೇ ಘ್ರಾಣವ್ಯವಸ್ಥೆ ಇರುತ್ತದೆ. ಸಂಗಾತಿ ಯಾರು, ಎದುರಾಳಿ ಯಾರು ಎಂಬ ಸುದ್ದಿ ಹೊತ್ತ ಫೆರೊಮೋನ್‌ಗಳನ್ನು ಹಿಡಿಯುವುದು ಅದರ ಕೆಲಸ. ಆ ಸುದ್ದಿ ನರಕ್ಕೆ ದಾಟಲು ಟಿಆರ್‌ಪಿಸಿ2 ಎಂಬ ವಂಶವಾಹಿ ಬೇಕು. ಮನುಷ್ಯರಲ್ಲಿ ಅದು ಕೆಟ್ಟಿದೆ, ಹೆಚ್ಚಿನ ಬಾವಲಿಗಳಲ್ಲೂ ಕೆಟ್ಟಿದೆ. ಅದೂ ಒಂದೇ ಸಲವಲ್ಲ, ಬಾವಲಿ ವಂಶದ ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ.

ಪ್ರತಿಧ್ವನಿ ಕೇಳಿ ದಾರಿ ಹುಡುಕುವ ಶಕ್ತಿ ಬಂದದ್ದರಿಂದ ಘ್ರಾಣ ಹೋಯಿತು ಎನ್ನುವುದು ಕೇಳಲು ಇಂಪಾದ ಉತ್ತರ. ನಾನದನ್ನು ಒಪ್ಪಲಾರೆ. ಅಮೆರಿಕ ಖಂಡಗಳ ಎಲೆಮೂಗಿನ ಬಾವಲಿಗಳು ಮೂಗಿನಿಂದಲೇ ಸದ್ದು ಹೊರಡಿಸಿ ಹಾರುತ್ತವೆ. ಆದರೂ ಅವುಗಳಲ್ಲಿ ಹೆಚ್ಚಿನವು ಈ ಅಂಗವನ್ನು ಉಳಿಸಿಕೊಂಡಿವೆ. ಸಿಹಿ, ಉಮಾಮಿ ಎರಡೂ ಹೋದ ರಕ್ತಾಹಾರಿ ಅದೇ ಕುಟುಂಬದ್ದು, ಅದರಲ್ಲೂ ಜೇಕಬ್‌ಸನ್ ಅಂಗ ಗಟ್ಟಿಯಾಗಿದೆ. ಅದು ಗುಂಪಿನಲ್ಲಿ ಬಾಳುತ್ತದೆ, ಹಸಿದ ಸಂಗಾತಿಗೆ ಕುಡಿದ ರಕ್ತವನ್ನು ಕಕ್ಕಿ ಕೊಡುತ್ತದೆ. ಅಂಥ ಬಾಳ್ವೆಗೆ ಪರಸ್ಪರ ಗುರುತು ಮುಖ್ಯ, ಅದಕ್ಕೇ ಉಳಿಯಿತು ಎನ್ನೋಣವೆಂದರೆ ಆ ಕಾರಣವೂ ಸಾಲದು. ನಮ್ಮೂರಿನ ಆಲ, ಅರಳಿಗಳಲ್ಲಿ ನೂರಾರು ಸಂಖ್ಯೆಯಲ್ಲಿ ತೂಗಾಡುವ ದೊಡ್ಡ ಹಣ್ಣುಬಾವಲಿಗಳದ್ದೂ ಗುಂಪಿನ ಬಾಳ್ವೆಯೇ. ಅವು ಗಂಟಲಿನ ಸದ್ದಿನಿಂದ ದಾರಿ ಹುಡುಕುವವೂ ಅಲ್ಲ. ಆದರೂ ಅವುಗಳ ಟಿಆರ್‌ಪಿಸಿ2 ಹಾಳಾಗಿದೆ.