ಫ್ಯೂಸು ಹೋದರೆ ಪುಣ್ಯ, ವೈರು ಸುಟ್ಟರೆ ಗಾಡಿಯೇ ಹೋಯ್ತು

ಮೈಸೂರಿನವರಿಗೆ ಜಾವಾ, ಯೆಜ್ಡಿ ಅಂದರೆ ಮನೆ ಮಕ್ಕಳಿದ್ದ ಹಾಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ 1996ರಲ್ಲಿ ಬೀಗ ಬಿತ್ತು. ಅಲ್ಲಿ ಹುಟ್ಟಿದ ಗಾಡಿಗಳು ಮಾತ್ರ ಇನ್ನೂ ಹೊಗೆ ಬಿಡುತ್ತಾ ಓಡ್ತಾ ಇವೆ. ತಾತನ ಗಾಡಿಯನ್ನು ಮೊಮ್ಮಗ ಹಿತ್ತಲಿನಿಂದ ಹೊರಗೆ ಎಳೆದು, ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ, ದೊಡ್ಡ ಲೈಟು, ಜೋಡಿ ಹಾರ್ನು ಹಾಕಿಸ್ತಾನೆ. ಇಷ್ಟಕ್ಕೆಲ್ಲಾ ಸಾವಿರ ಸಾವಿರ ಸುರಿಯೋನು ವೈರಿನ ಹತ್ತಿರ ಬಂದ ಕೂಡಲೇ ಜಿಪುಣನಾಗ್ತಾನೆ. ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ವೈರು ಹೋಗೋದು ಅನ್ನೋದು ಆಗ ಅವನಿಗೆ ನೆನಪಿರಲ್ಲ.

ಗ್ಯಾರೇಜುಗಳಲ್ಲಿ ಒಂದು ಹಳೆಯ ರೋಗ ಉಂಟು. ಫ್ಯೂಸು ಪದೇ ಪದೇ ಹೋಗ್ತದೆ ಅಂತ ಗಿರಾಕಿ ಬಂದರೆ, "ದೊಡ್ಡದು ಹಾಕ್ಕೊಡ್ತೀನಿ ಬಿಡಿ ಅಣ್ಣ" ಅನ್ನೋದು. 10 ಆಂಪ್ಸ್ ತೆಗೆದು 20 ಹಾಕೋದು. ಅದೂ ಇಲ್ಲದಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋದು. ಗಾಡಿ ಓಡ್ತದೆ, ಗಿರಾಕಿ ಖುಷಿ. ಫ್ಯೂಸು ಇರುವುದು ಬಲ್ಬನ್ನೋ ಹಾರ್ನನ್ನೋ ಕಾಯೋಕೆ ಅಂತ ಇವರು ತಿಳಿದಿದ್ದಾರೆ. ಅಲ್ಲ ಸ್ವಾಮಿ, ಅದು ಇರೋದು ವೈರನ್ನು ಕಾಯೋಕೆ. ವೈರು ತಡೆದುಕೊಳ್ಳೋದಕ್ಕಿಂತ ಫ್ಯೂಸು ದೊಡ್ಡದಾದರೆ, ಮೊದಲು ಸುಡೋದು ವೈರು.

ಲೆಕ್ಕ ದೊಡ್ಡದೇನಲ್ಲ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್ಸ್. 12 ವೋಲ್ಟಿನ ಗಾಡಿಯಲ್ಲಿ 60 ವ್ಯಾಟಿನ ಹೆಡ್‌ಲೈಟ್ ಅಂದರೆ 5 ಆಂಪ್ಸ್. ಅದಕ್ಕೆ ಕಾಲು ಭಾಗ ಸೇರಿಸಿ, ಸವಾ ಆರು ಆಯ್ತು. ಅಂಗಡಿಯಲ್ಲಿ ಸಿಗುವ ಮುಂದಿನ ಫ್ಯೂಸು ಏಳೂವರೆಯದು, ಕಂದು ಬಣ್ಣದ್ದು. ಕೆಂಪು 10, ನೀಲಿ 15, ಹಳದಿ 20. ಹೆಡ್‌ಲೈಟಿಗೆ 1 ಚದರ ಮಿಲಿಮೀಟರಿನ ತಾಮ್ರದ ವೈರು ಧಾರಾಳ ಸಾಕು.

ಈಗ ಹುಡುಗರ ಆಸೆಯಂತೆ 55 ವ್ಯಾಟಿನ ಎರಡು ಫಾಗ್ ಲೈಟು ಹಾಕಿ. 110 ವ್ಯಾಟು, ಅಂದರೆ 9 ಆಂಪ್ಸಿನ ಮೇಲೆ. ಕಾಲು ಭಾಗ ಸೇರಿಸಿದರೆ ಹನ್ನೊಂದೂವರೆ, ಫ್ಯೂಸು 15. ವೈರು ಒಂದೂವರೆ ಚದರಕ್ಕೆ ಕಡಿಮೆ ಬೇಡ. ನಮ್ಮ ಎಲೆಕ್ಟ್ರಿಕ್ ಅಂಗಡಿಗಳಲ್ಲಿ "ಹದಿನಾಲ್ಕು ಮೂವತ್ತಾರು ಕೊಡಿ" ಅಂತ ಕೇಳ್ತಾರಲ್ಲ, ಅದರರ್ಥ 36 ಗೇಜಿನ 14 ಎಳೆ. ಗೇಜು ಜಾಸ್ತಿಯಾದಷ್ಟೂ ಎಳೆ ಸಣ್ಣ, ಇದೊಂದು ತಲೆಕೆಳಗು ಲೆಕ್ಕ. 14 ಎಳೆಯೂ ಸೇರಿದರೆ ಬರೋದು 0.4 ಚದರ ಮಿಲಿಮೀಟರ್. 40 ಎಳೆಯದ್ದಾದರೆ 1.2ರ ಹತ್ತಿರ. ಇಂಡಿಕೇಟರಿಗೆ ಹದಿನಾಲ್ಕು ಎಳೆ ಸರಿ. ಅದರ ಮೇಲೆ 15 ಆಂಪ್ಸ್ ಹರಿಸಿದರೆ ಪ್ರತಿ ಮೀಟರಿಗೂ ಹತ್ತಿರ ಹತ್ತಿರ 10 ವ್ಯಾಟ್ ಬಿಸಿ ಹುಟ್ತದೆ. ಟೇಪು ಸುತ್ತಿದ ಕಟ್ಟಿನೊಳಗೆ ಆ ಬಿಸಿ ಎಲ್ಲಿಗೆ ಹೋಗಬೇಕು?

ಇನ್ನೊಂದು ವಿಷಯ ಮೆಕ್ಯಾನಿಕ್ಕುಗಳೂ ಗಮನಿಸಲ್ಲ. 15 ಅಂತ ಬರೆದ ಫ್ಯೂಸು 15ಕ್ಕೇ ಫಟ್ ಅನ್ನಲ್ಲ. 20 ಆಂಪ್ಸ್ ಹರಿದರೂ ಕೆಲವೊಮ್ಮೆ ಹತ್ತು ನಿಮಿಷದವರೆಗೆ ತಡೆದುಕೊಳ್ಳಬಹುದು, ಅದರ ತಯಾರಿಕೆಯ ನಿಯಮವೇ ಹಾಗಿದೆ. ಆ ಹತ್ತು ನಿಮಿಷ ವೈರೂ ತಡೆಯಬೇಕಲ್ಲ!

ಬೆಂಕಿ ಬೀಳದಿದ್ದರೂ ನಷ್ಟ ತಪ್ಪಲ್ಲ. ಅದೇ ಫಾಗ್ ಲೈಟಿಗೆ ಅರ್ಧ ಚದರದ ವೈರು ಹಾಕಿ, ಹೋಗೋದು ಬರೋದು ಸೇರಿ 4 ಮೀಟರ್ ಎಳೆದರೆ, ದಾರಿಯಲ್ಲೇ ಒಂದು ಕಾಲು ವೋಲ್ಟ್ ಸೋರಿಹೋಗ್ತದೆ. ವೋಲ್ಟಿನಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ಫಿಲಮೆಂಟ್ ಬಲ್ಬಿನ ಬೆಳಕು ಸುಮಾರು ಮೂರರಲ್ಲೊಂದು ಪಾಲು ಇಳೀತದೆ. ದುಡ್ಡು ಕೊಟ್ಟು ತಂದ ಬೆಳಕು ರಸ್ತೆಗೆ ಬೀಳೋ ಬದಲು ವೈರನ್ನು ಕಾಯಿಸ್ತಾ ಕೂತಿರ್ತದೆ.

ಹಳೆ ಜಾವಾದ 6 ವೋಲ್ಟಿನಲ್ಲಿ ಕಷ್ಟ ಇನ್ನೂ ಹೆಚ್ಚು. ಅದೇ ವ್ಯಾಟಿಗೆ ಇಲ್ಲಿ ಎರಡರಷ್ಟು ಆಂಪ್ಸ್ ಹರೀಬೇಕು. ಅರ್ಧ ವೋಲ್ಟ್ ಸೋರಿದರೆ 12 ವೋಲ್ಟಿನ ಗಾಡಿಗೆ ಇಪ್ಪತ್ನಾಲ್ಕರಲ್ಲಿ ಒಂದು ಪಾಲು, ಇದಕ್ಕೆ ಹನ್ನೆರಡರಲ್ಲಿ ಒಂದು. ಜಾವಾ ಲೈಟು ಮಿಣುಕು ಹುಳ ಅಂತ ನಗುವವರು ಒಂದು ಸಲ ವೈರು, ಅರ್ತು ಎರಡನ್ನೂ ದಪ್ಪಗೆ ಬದಲಾಯಿಸಿ ನೋಡಲಿ. ಬಣ್ಣ ಹೊಡೆಸಿದ ಫ್ರೇಮಿಗೆ ಅರ್ತು ಬಿಗಿಯೋ ಮುಂಚೆ ಆ ಜಾಗದ ಬಣ್ಣ ಕೆರೆಯಬೇಕು. ಹೊಸ ಬಣ್ಣದ ಮೋಹದಲ್ಲಿ ಇದನ್ನು ಮರೆಯೋರೇ ಜಾಸ್ತಿ.

ಹಾರ್ನು, ಫಾಗ್ ಲೈಟು ಎರಡಕ್ಕೂ ರಿಲೇ ಹಾಕಿಸಿ. ಇಲ್ಲದಿದ್ದರೆ ಇಡೀ ಭಾರ ಹ್ಯಾಂಡಲ್ಲಿನ ಪುಟ್ಟ ಸ್ವಿಚ್ಚಿನ ಮೇಲೆ ಬೀಳ್ತದೆ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಬ್ಯಾಟರಿಯಿಂದ ಫ್ಯೂಸಿನವರೆಗಿನ ವೈರಿಗೆ ಕಾವಲೇ ಇಲ್ಲ, ಅಲ್ಲಿ ಸಿಪ್ಪೆ ಸವೆದು ಫ್ರೇಮಿಗೆ ತಗುಲಿದರೆ ತಡೆಯೋರು ಯಾರೂ ಇಲ್ಲ. ಮನೆ ವೈರಿಂಗಿನ ಗಟ್ಟಿ ವೈರು ಉಳಿದಿದೆ ಅಂತ ಗಾಡಿಗೆ ಹಾಕಬೇಡಿ. ಇಂಜಿನ್ನಿನ ನಡುಕಕ್ಕೆ ಅದು ಒಳಗೊಳಗೇ ಮುರೀತದೆ, ಹೊರಗೆ ಕಾಣಲ್ಲ. ಸಣ್ಣ ಎಳೆ ಬಹಳ ಇರುವ ಆಟೋ ವೈರೇ ಆಗಬೇಕು.

ಇಷ್ಟಾದ ಮೇಲೂ ಫ್ಯೂಸು ಹೋಗ್ತಾ ಇದ್ದರೆ, ಮೊದಲು ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರಾ ತಿರುಗಿಸಿ ನೋಡಿ. ತಲೆಯ ಹತ್ತಿರ, ಟ್ಯಾಂಕಿನ ಮುಂದಿನ ಮೂಲೆಯಲ್ಲಿ ವೈರು ಉಜ್ಜಿಕೊಂಡು ತಾಮ್ರ ಇಣುಕ್ತಾ ಇದೆಯಾ ಅಂತ. ನಂತರ ಸೀಟು ಎತ್ತಿ ಹಿಂದಿನ ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿ, ಟಯರು ಕಲ್ಲು ಎರಚಿ ಎರಚಿ ಬ್ರೇಕ್ ಲೈಟಿನ ವೈರು ಸವೆದಿರ್ತದೆ. ಅದಕ್ಕೆ ಬೇಕಾದ್ದು ಒಂದು ಗೇಣು ವೈರು, ಒಂದು ತುಂಡು ತೋಳು ಪೈಪು. ದೊಡ್ಡ ಫ್ಯೂಸು ಕೊಡಿ ಅಂತ ಅಂಗಡಿಗೆ ಬಂದವನಿಗೆ ಅದೆರಡನ್ನೇ ಮಾರಿ, ವ್ಯಾಪಾರ ಏನೂ ಕಮ್ಮಿ ಆಗಲ್ಲ.